ಮೊದಲ ತಿಂಗಳ ವರದಿ ಖಾಲಿ ಇದ್ದರೆ ಇರಲಿ ಬಿಡಿ

ಸಂಪಾದಕರಿಗೆ ನಮಸ್ಕಾರ.

ಹೊರದೇಶಕ್ಕೆ ಓದಲು ಹೋದವರು, ಕೆಲಸಕ್ಕೆ ಹೋದವರು ಬರೆದ ಅನುಭವಗಳನ್ನು ನಿಮ್ಮ ಪತ್ರಿಕೆಯಲ್ಲಿ ಓದುತ್ತಿರುತ್ತೇನೆ. ಕ್ರೈಸ್ತ ಮಿಷನ್ ಕೆಲಸಕ್ಕೆ, ಅಂದರೆ ಧರ್ಮಪ್ರಚಾರಕ್ಕೆ ಅಂತ ಹೋದ ಹುಡುಗ ಹುಡುಗಿಯರ ಬಗ್ಗೆ ಮಾತ್ರ ಯಾರೂ ಬರೆಯುವುದಿಲ್ಲ. ಬರೆದರೂ ಎರಡೇ ಥರ. ಒಂದು, ಸಭೆಯ (ಚರ್ಚಿನ) ಮಾಸಪತ್ರಿಕೆಯಲ್ಲಿ ಬರುವ ಬರೀ ಜಯದ ಕಥೆ. ಇನ್ನೊಂದು, ಇವರೆಲ್ಲ ಜನರನ್ನು ಮರುಳು ಮಾಡಲು ಹೋಗುವವರು ಅನ್ನುವ ಬೈಗುಳ. ಎರಡನ್ನೂ ಬರೆಯಲು ನಾನು ಕೂತಿಲ್ಲ. ನನ್ನ ತಕರಾರು ಇರುವುದು ಒಂದು ಹಾಳೆಯ ಬಗ್ಗೆ. ಮೊದಲ ತಿಂಗಳ ವರದಿ ಅಂತ ಕಳಿಸಬೇಕಾದ ಒಂದೇ ಒಂದು ಹಾಳೆ.

ನಾನು ಹೋದಾಗ ನನಗೆ 24 ವರ್ಷ. ಭಾನುವಾರ ಆರಾಧನೆಯಲ್ಲಿ ಹಿರಿಯರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸಿದರು. ಅಮ್ಮ ಅತ್ತಳು, ಪಾಸ್ಟರ್ ಅವರ ಕಣ್ಣಲ್ಲೂ ನೀರು. ದೇಶದ ಹೆಸರು ಇಲ್ಲಿ ಹಾಕುತ್ತಿಲ್ಲ. ನನ್ನನ್ನು ಮನೆಯಲ್ಲಿ ಇಟ್ಟುಕೊಂಡವರು ಇನ್ನೂ ಅಲ್ಲೇ ಇದ್ದಾರೆ, ಪತ್ರಿಕೆಯಲ್ಲಿ ಬಂದದ್ದು ಇವತ್ತು ಎಲ್ಲಿಗೆ ಬೇಕಾದರೂ ತಲುಪುತ್ತದೆ. ಹೊರಡುವಾಗ ಕೈಗೆ ಕೊಟ್ಟ ಕಾಗದಗಳಲ್ಲಿ ಆ ವರದಿಯ ಹಾಳೆಯೂ ಇತ್ತು. ಎಷ್ಟು ಮನೆಗೆ ಭೇಟಿ ಕೊಟ್ಟಿರಿ? ಎಷ್ಟು ಜನಕ್ಕೆ ಸುವಾರ್ತೆ (ಯೇಸುವಿನ ಸಂದೇಶ) ಸಾರಿದಿರಿ? ಎಷ್ಟು ಜನ ಯೇಸುವನ್ನು ನಂಬುವ ತೀರ್ಮಾನ ಮಾಡಿಕೊಂಡರು? ಐದು ಫೋಟೋ ಲಗತ್ತಿಸಿ. ಆಗ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಿಜ ಹೇಳಬೇಕೆಂದರೆ, ಜಾಗ ಸಾಲದೇ ಹೋದೀತು ಅಂದುಕೊಂಡಿದ್ದೆ.

ಮೊದಲ ವಾರ ಎಲ್ಲವೂ ಚೆಂದ. ಬೀದಿ ಚೆಂದ, ಜನ ಚೆಂದ, ಮಳೆ ಬಂದರೂ ಚೆಂದ. ಎರಡನೇ ವಾರ ಏನೋ ಕೆಟ್ಟಿತು. ನಿದ್ದೆ ಬರಲಿಲ್ಲ. ಯಾರು ನಕ್ಕರೂ ನನ್ನನ್ನೇ ನೋಡಿ ನಕ್ಕರು ಅನಿಸುತ್ತಿತ್ತು. ಅಂಗಡಿಯವನು ಚಿಲ್ಲರೆ ಕೊಟ್ಟರೆ ಮೂರು ಸಲ ಎಣಿಸುತ್ತಿದ್ದೆ. ದಿನಕ್ಕೆ ಹತ್ತಾರು ಸಲ ಕೈ ತೊಳೆಯುತ್ತಿದ್ದೆ, ಯಾಕೆ ಅಂತ ನನಗೇ ಗೊತ್ತಿರಲಿಲ್ಲ. ಇದು ಸೈತಾನನ ಕಾಟ ಅಂತ ತೀರ್ಮಾನಿಸಿ ಮೂರು ದಿನ ಉಪವಾಸ ಮಾಡಿದೆ, ಅದರಿಂದ ಸುಸ್ತು ಜಾಸ್ತಿ ಆಯಿತು ಅಷ್ಟೆ. ವರ್ಷಗಳ ನಂತರ ಗೊತ್ತಾಯಿತು, ಕಲೆರ್ವೊ ಓಬರ್ಗ್ ಅನ್ನುವ ಮಾನವಶಾಸ್ತ್ರಜ್ಞ 1960ರಲ್ಲೇ ಇದನ್ನೆಲ್ಲ ಬರೆದಿಟ್ಟಿದ್ದ. ಪರದೇಶಕ್ಕೆ ಹೋದವರಿಗೆ ಮೊದಲು ಮಧುಚಂದ್ರದಂಥ ಕಾಲ, ಆಮೇಲೆ ಕುಸಿತ, ಆಮೇಲೆ ನಿಧಾನವಾಗಿ ಚೇತರಿಕೆ. ಅತಿಯಾಗಿ ಕೈ ತೊಳೆಯುವುದು, ಮೋಸ ಹೋಗುತ್ತೇನೆಂಬ ಭಯ, ದೂರಕ್ಕೆ ದೃಷ್ಟಿ ನೆಟ್ಟು ಸುಮ್ನೆ ಕೂರುವುದು, ಎಲ್ಲವೂ ಅವನ ಪಟ್ಟಿಯಲ್ಲಿ ಇವೆ. ಅದನ್ನು ಅಚ್ಚು ಹಾಕಿದ್ದು ಮಿಷನರಿಗಳೇ ಓದುತ್ತಿದ್ದ ಒಂದು ಪತ್ರಿಕೆ! ಇಷ್ಟು ಹಳೆಯ ವಿಷಯ ನನ್ನನ್ನು ಕಳಿಸಿದವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳಲಿಲ್ಲ. ಒಂದು ಮಾತು ಹೇಳಿದ್ದರೆ ಆ ಮೂರು ದಿನ ನೆಟ್ಟಗೆ ಊಟ ಮಾಡಿರುತ್ತಿದ್ದೆ.

ಇನ್ನು ಭಾಷೆ. ಸುವಾರ್ತೆ ಸಾರಬೇಕು ಅನ್ನುತ್ತಾರೆ, ಯಾವ ಬಾಯಿಂದ ಸಾರುವುದು? ನಾನಿದ್ದ ಮನೆಯ ಅಜ್ಜಿಗೆ ನನಗೆ ಹಸಿವಾಗಿದೆ ಅಂತ ಹೇಳಲು ಹೋಗಿ ನನಗೆ ಮದುವೆಯಾಗಿದೆ ಅಂದುಬಿಟ್ಟೆ. ಮನೆ ಮಂದಿಯೆಲ್ಲ ಬಂದು ಹೆಂಡತಿ ಎಲ್ಲಿ ಅಂತ ಕೈಸನ್ನೆ ಮಾಡಿ ಕೇಳಿದರು. ಮೂರು ದಿನ ಅದೇ ನಗು. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸಲು ಹಾಕಿಕೊಂಡಿರುವ ಲೆಕ್ಕ ನೋಡಿ. ಇಂಗ್ಲಿಷಿಗೆ ಹತ್ತಿರದ ಸ್ಪ್ಯಾನಿಷಿಗೇ 24ರಿಂದ 30 ವಾರ. ಅರಬ್ಬಿ, ಚೀನಿ, ಜಪಾನಿ ಭಾಷೆಗಳಿಗೆ 88 ವಾರ, ಅಂದರೆ 2,200 ಗಂಟೆ ತರಗತಿ. ಸಂಬಳ ಕೊಟ್ಟು, ಒಳ್ಳೆಯ ಮೇಷ್ಟ್ರನ್ನು ಇಟ್ಟು, ಬೇರೆ ಕೆಲಸ ಇಲ್ಲದೆ ಕಲಿಸಿದರೂ ಇಷ್ಟು ಬೇಕು. ನಾವು ನಾಲ್ಕು ವಾರಕ್ಕೆ ಲೆಕ್ಕ ಕೇಳುತ್ತೇವೆ.

ಹಳೆಯ ಮಿಷನರಿಗಳ ಹೆಸರು ಹೇಳಿ ಹೇಳಿಯೇ ನಮ್ಮನ್ನು ಹುರಿದುಂಬಿಸುತ್ತಾರಲ್ಲ, ಅವರ ಮೊದಲ ತಿಂಗಳು ಹೇಗಿತ್ತು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಹಡ್ಸನ್ ಟೇಲರ್ 1854ರ ಮಾರ್ಚ್ 1ರಂದು ಶಾಂಘೈನಲ್ಲಿ ಇಳಿದಾಗ 21 ವರ್ಷದ ಹುಡುಗ. ಊರಿನಲ್ಲಿ ಅಂತರ್ಯುದ್ಧ. ಕರೆದುಕೊಂಡು ಹೋಗಲು ಬಂದರಿಗೆ ಯಾರೂ ಬಂದಿರಲಿಲ್ಲ. ಪರಿಚಯದ ಪತ್ರಗಳನ್ನು ಹಿಡಿದುಕೊಂಡು ಹೋಗಿದ್ದ, ಆದರೆ ಪತ್ರದ ಮೇಲಿದ್ದ ಹೆಸರಿನವರಲ್ಲಿ ಒಬ್ಬರು ತೀರಿಕೊಂಡಿದ್ದರು, ಇನ್ನೊಬ್ಬರು ಅಮೆರಿಕಕ್ಕೆ ವಾಪಸು ಹೋಗಿದ್ದರು. ಅವನಿಗೆ ನಮ್ಮ ಹಾಳೆ ಕೊಟ್ಟಿದ್ದರೆ ಏನು ತುಂಬಿಸುತ್ತಿದ್ದ? ಅಡೊನಿರಾಮ್ ಜಡ್ಸನ್ 1813ರಲ್ಲಿ ಬರ್ಮಾ ತಲುಪಿದಾಗ ಅವನಿಗೂ ನನ್ನ ಹಾಗೆ 24. ಅಲ್ಲಿಯ ಮೊದಲ ಮನುಷ್ಯನಿಗೆ ದೀಕ್ಷಾಸ್ನಾನ ಕೊಟ್ಟು ಕ್ರೈಸ್ತನಾಗಿ ಸೇರಿಸಿಕೊಂಡದ್ದು 1819ರಲ್ಲಿ. ಆರು ವರ್ಷ ಆ ಅಂಕಣದಲ್ಲಿ ಸೊನ್ನೆ.

ವಿಲಿಯಂ ಕೇರಿಯದಂತೂ ಓದಿದರೆ ಹೊಟ್ಟೆ ಕಿವುಚುತ್ತದೆ. 1793ರ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದವನಿಗೆ ಕಂಪನಿ ಸರ್ಕಾರದ ಪರವಾನಗಿಯೂ ಇರಲಿಲ್ಲ. ಮೊದಲ ತಿಂಗಳುಗಳು ಮನೆ ಹುಡುಕುವುದರಲ್ಲಿ, ದುಡ್ಡಿನ ಚಿಂತೆಯಲ್ಲಿ ಹೋದವು. ಹೊಟ್ಟೆಪಾಡಿಗೆ ನೀಲಿ ಬಣ್ಣ ತಯಾರಿಸುವ ಕಾರ್ಖಾನೆಯ ಕೆಲಸ ಹಿಡಿದ. ಮರುವರ್ಷ ಐದು ವರ್ಷದ ಮಗ ಪೀಟರ್ ತೀರಿಕೊಂಡ, ಹೆಂಡತಿ ಡಾರತಿಯ ಮನಸ್ಸಿನ ಆರೋಗ್ಯ ಕೆಟ್ಟಿತು, ಕೊನೆಯವರೆಗೂ ಸರಿಹೋಗಲಿಲ್ಲ. ಏಳು ವರ್ಷ ಕಳೆದ ಮೇಲೆ, 1800ರ ಡಿಸೆಂಬರಿನಲ್ಲಿ, ಕೃಷ್ಣ ಪಾಲ್ ಅನ್ನುವ ಬಡಗಿ ದೀಕ್ಷಾಸ್ನಾನ ಪಡೆದ. ಅವನು ಹತ್ತಿರವಾದದ್ದೂ ಪ್ರಸಂಗ ಕೇಳಿ ಅಲ್ಲ, ಕೀಲು ತಪ್ಪಿದ ತೋಳನ್ನು ಕೇರಿಯ ಜೊತೆಯ ವೈದ್ಯ ಕೂರಿಸಿಕೊಟ್ಟಿದ್ದರಿಂದ. ನಮ್ಮ ಸಭೆಗಳಲ್ಲಿ ಕೇರಿಯ ಹೆಸರು ಹೇಳುವಾಗ ಡಾರತಿಯ ಹೆಸರು ಬರುವುದೇ ಇಲ್ಲ. ಬರಬೇಕು ಅಂತ ನನ್ನ ಅನಿಸಿಕೆ.

ಕನ್ನಡ ಪತ್ರಿಕೆಗೆ ಬರೆಯುತ್ತಿದ್ದೇನೆ, ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಹರ್ಮನ್ ಮೋಗ್ಲಿಂಗ್ ಜರ್ಮನಿಯಿಂದ ಬಂದಾಗ 25 ವರ್ಷದವ, 1836ರಲ್ಲಿ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ತಂದದ್ದು 1843ರಲ್ಲಿ. ಕಿಟೆಲ್ 21ರ ವಯಸ್ಸಿಗೆ, 1853ರಲ್ಲಿ ಬಂದ. ಅವನ ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಡುವೆ 41 ವರ್ಷ. ಮೊದಲ ತಿಂಗಳು ಅವನೂ ನನ್ನ ಹಾಗೆ ಅಕ್ಷರ ತಿದ್ದುವ ಮಗುವೇ ಅಲ್ವಾ.

ಈಗ ನನ್ನ ಮೂರನೇ ವಾರಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ಕಾರಣ ಅದೇ.

ಪಕ್ಕದ ಮನೆಯ ಯಜಮಾನರು ರಾತ್ರಿ ತೀರಿಕೊಂಡರು. ಅಜ್ಜಿ ನನ್ನ ಕೋಣೆಯ ಬಾಗಿಲು ತಟ್ಟಿ, ಬಾ ಅಂತ ಕೈ ಮಾಡಿದಳು. ಹೋದೆ. ಅಂಗಳದಲ್ಲಿ ಬೆಂಚು ಹಾಕಿದ್ದರು, ಒಂದರ ತುದಿಯಲ್ಲಿ ಕೂತೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ನನಗೂ ಏನೂ ಹೇಳಲು ಬರುತ್ತಿರಲಿಲ್ಲ, ಅಯ್ಯೋ ಪಾಪ ಅನ್ನುವುದಕ್ಕೂ ಆ ಭಾಷೆಯಲ್ಲಿ ಪದ ಗೊತ್ತಿಲ್ಲ. ಬ್ಯಾಗಿನಲ್ಲಿ ಕರಪತ್ರಗಳಿದ್ದವು. ನಿತ್ಯಜೀವದ ಬಗ್ಗೆ ಹಂಚಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಅಂತ ತರಬೇತಿಯಲ್ಲಿ ಹೇಳಿದ್ದು ನೆನಪಾಯಿತು, ಕೈ ಬ್ಯಾಗಿನವರೆಗೂ ಹೋಯಿತು, ಆಮೇಲೆ ತೀರಿಕೊಂಡವರ ಮಗಳ ಮುಖ ನೋಡಿದೆ, ಕೈ ವಾಪಸು ಬಂತು. ಬೆಳಗಿನ ಜಾವದವರೆಗೂ ಕೂತಿದ್ದೆ. ನಡುರಾತ್ರಿ ಚಳಿಗೆ ಯಾರೋ ಹಿಂದಿನಿಂದ ಹೆಗಲ ಮೇಲೆ ಹೊದಿಕೆ ಹಾಕಿ ಹೋದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಮರುದಿನ ಬೀದಿಯಲ್ಲಿ ಹೋಗುವಾಗ, ಅಷ್ಟು ದಿನ ವಿದೇಶಿ, ವಿದೇಶಿ ಅಂತ ಕೂಗುತ್ತಿದ್ದ ಹುಡುಗರು ನನ್ನ ಹೆಸರು ಹಿಡಿದು ಕರೆದರು. ಅಂಗಡಿಯವನು ಕುರ್ಚಿ ಎಳೆದು ಕೂರಿಸಿದ. ಬೈಬಲಿನಲ್ಲಿ, ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಾಡದೆ ಕೂತಿದ್ದರು ಅಂತ ಓದುತ್ತೇವಲ್ಲ, ಅವರು ಕೆಟ್ಟದ್ದು ಬಾಯಿ ಬಿಟ್ಟ ಮೇಲೆಯೇ. ನನಗೆ ಬಾಯಿ ಬಿಡಲು ಭಾಷೆ ಇರಲಿಲ್ಲ. ಅದೇ ನನ್ನನ್ನು ಉಳಿಸಿತು.

ಮೂವತ್ತನೇ ದಿನ ಹಾಳೆ ತೆಗೆದು ಕೂತೆ. ಇದನ್ನು ಬರೆಯಲು ಅದರಲ್ಲಿ ಜಾಗವೇ ಇಲ್ಲ! ಎಷ್ಟು ಜನಕ್ಕೆ ಸಾರಿದಿರಿ? ಸೊನ್ನೆ ಅಂತ ಬರೆದೆ. ಅಳಿಸಿದೆ. ನನ್ನನ್ನು ಕಳಿಸಲು ಕಾಣಿಕೆ ಕೊಟ್ಟವರಲ್ಲಿ ಮನೆಗೆಲಸ ಮಾಡುವ ಅಕ್ಕಂದಿರಿದ್ದರು, ಪಿಂಚಣಿಯಲ್ಲಿ ಬದುಕುವ ಮುದುಕರಿದ್ದರು. ಅವರ ದುಡ್ಡಿಗೆ ಸೊನ್ನೆ ತೋರಿಸುವುದು ಹೇಗೆ? ಆ ರಾತ್ರಿ ಅಂಗಳದಲ್ಲಿ ಎಷ್ಟು ಜನ ಕೂತಿದ್ದರು ಅಂತ ಲೆಕ್ಕ ಹಾಕಿದೆ. 40 ಅಂತ ಬರೆದೆ. ಸಾವಿಗೆ ಕೂತ ಜನರನ್ನು ಸುವಾರ್ತೆ ಕೇಳಿದ ಜನ ಅಂತ ತೋರಿಸಿದೆ. ಭಾನುವಾರ ಅದನ್ನು ಸಭೆಯಲ್ಲಿ ಓದಿದರಂತೆ, ಹಲ್ಲೆಲೂಯಾ ಅಂದರಂತೆ. ಅಮ್ಮ ಫೋನಿನಲ್ಲಿ ಖುಷಿಯಿಂದ ಹೇಳಿದಳು.

ಫೋಟೋ ಅಂಕಣದ ಕಥೆ ಬೇರೆ. ಅಕ್ಕಪಕ್ಕದ ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ಐದು ಫೋಟೋ ತೆಗೆಸಿಕೊಂಡೆ. ಅವರ ಅಪ್ಪ ಅಮ್ಮನನ್ನು ಕೇಳಲಿಲ್ಲ. ನಮ್ಮ ಮಕ್ಕಳ ಫೋಟೋವನ್ನು ಯಾರೋ ಪರದೇಶಿ ತೆಗೆದು, ಇವರು ಬಡವರು, ಪ್ರಾರ್ಥಿಸಿ ಅಂತ ತನ್ನ ಊರಿನಲ್ಲಿ ತೋರಿಸಿದರೆ ನಾವು ಸುಮ್ಮನಿರುತ್ತೇವಾ?

ಅವಸರದ ಬೆಲೆ ತೆರುವವರು ಬಹಳ ಸಲ ಹೋದವರಲ್ಲ, ಅಲ್ಲಿಯವರು. 2018ರ ನವೆಂಬರಿನಲ್ಲಿ ಜಾನ್ ಅಲೆನ್ ಚಾವ್ ಅನ್ನುವ 26 ವರ್ಷದ ಅಮೆರಿಕದ ಯುವಕ ಸುವಾರ್ತೆ ಸಾರಲು ಅಂತ, ಹೊರಗಿನವರು ಹೋಗಬಾರದ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಕದ್ದು ಹೋಗಿ ಸತ್ತ. ಹುಚ್ಚ ಅಂತ ಬೈದವರೂ ಇದ್ದಾರೆ, ಹುತಾತ್ಮ ಅಂತ ಹೊಗಳಿದವರೂ ಇದ್ದಾರೆ. ಅವನ ತಂದೆತಾಯಿಯ ದುಃಖದ ಮುಂದೆ ಎರಡೂ ಬೇಡ. ಆದರೆ ದೋಣಿಯಲ್ಲಿ ಅವನನ್ನು ಬಿಟ್ಟುಬಂದ ಮೀನುಗಾರರನ್ನು ಪೊಲೀಸರು ಹಿಡಿದುಕೊಂಡು ಹೋದರು ಅನ್ನುವುದು ಎಷ್ಟು ಜನಕ್ಕೆ ನೆನಪಿದೆ? ಪ್ರವಾಸಿ ವೀಸಾದಲ್ಲಿ ಹೋಗಿ ಮಿಷನ್ ಕೆಲಸ ಮಾಡು ಅಂತ ಮಕ್ಕಳಿಗೆ ಹೇಳಿಕೊಡುವವರಿಗೂ ಇದನ್ನೇ ಕೇಳುತ್ತೇನೆ. ಧಾರ್ಮಿಕ ಕೆಲಸಕ್ಕೆ ಎಷ್ಟೋ ದೇಶಗಳಲ್ಲಿ ಬೇರೆ ವೀಸಾ ಇದೆ. ಸಿಕ್ಕಿಬಿದ್ದರೆ ನಮ್ಮವರನ್ನು ವಿಮಾನ ಹತ್ತಿಸುತ್ತಾರೆ, ಜಾಗ ಕೊಟ್ಟ ಅಲ್ಲಿಯ ಸಭೆ ಆಮೇಲೆ ವರ್ಷಗಟ್ಟಲೆ ಅನುಭವಿಸುತ್ತದೆ.

ಒಂದು ಒಳ್ಳೆಯ ದಾರಿಯೂ ಇದೆ, ಹೊಸದೇನಲ್ಲ. ಟಾಮ್ ಮತ್ತು ಬೆಟ್ಟಿ ಸೂ ಬ್ರೂಸ್ಟರ್ ಅನ್ನುವ ಅಮೆರಿಕದ ದಂಪತಿ ಮಿಷನರಿಗಳಿಗೆ ಭಾಷೆ ಕಲಿಸುತ್ತಿದ್ದರು. ಹುಟ್ಟಿದ ಮಗು ತಾಯಿಗೆ ಅಂಟಿಕೊಳ್ಳುವುದು ಮೊದಲ ಗಳಿಗೆಗಳಲ್ಲಿ, ಹಾಗೆಯೇ ಮಿಷನರಿ ಆ ಜನಕ್ಕೆ ಹತ್ತಿರವಾಗುವುದು ಮೊದಲ ವಾರಗಳಲ್ಲಿ ಅನ್ನುವುದು ಅವರ ವಾದ. ಹೋದ ದಿನದಿಂದಲೇ ಅಲ್ಲಿಯ ಒಂದು ಮನೆಯಲ್ಲಿ ಇರು, ಕಡಿಮೆ ಸಾಮಾನು ಒಯ್ಯಿ, ಜನ ಹತ್ತುವ ಬಸ್ಸನ್ನೇ ಹತ್ತು, ಒಂದು ಸಾಲು ಕಲಿತು ಐವತ್ತು ಜನರ ಹತ್ತಿರ ಆಡು. ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸುವಾಗ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಚೀಲ ಬೇಡ, ಮನೆಯಿಂದ ಮನೆಗೆ ಅಲೆಯಬೇಡಿ, ಬಡಿಸಿದ್ದನ್ನು ಊಟ ಮಾಡಿ. ಬೈಬಲಿನ ಲೂಕನ ಸುವಾರ್ತೆ, ಹತ್ತನೇ ಅಧ್ಯಾಯ. ಆ ಶಿಷ್ಯರ ಹಾಗೆ ಜೊತೆಗೊಬ್ಬರು ಇದ್ದಿದ್ದರೆ ನನ್ನ ಎರಡನೇ ವಾರ ಅಷ್ಟು ಕೆಟ್ಟು ಹೋಗುತ್ತಿರಲಿಲ್ಲ.

ಅರ್ಧಕ್ಕೇ ವಾಪಸು ಬಂದವರ ಬಗ್ಗೆಯೂ ಒಂದು ಮಾತು. ಸಭೆಯಲ್ಲಿ ಅವರನ್ನು ನೋಡುವ ನೋಟವೇ ಬದಲಾಗುತ್ತದೆ. ಬೈಬಲಿನಲ್ಲಿ, ಸುವಾರ್ತೆ ಸಾರಲು ಪೌಲನ ಜೊತೆ ಹೊರಟ ಮಾರ್ಕ ಅವನನ್ನು ಪೆರ್ಗ ಅನ್ನುವ ಊರಲ್ಲಿ ಬಿಟ್ಟು ಯೆರೂಸಲೇಮಿಗೆ ಹೊರಟುಹೋದ. ಪೌಲನಿಗೆ ಎಷ್ಟು ಸಿಟ್ಟು ಬಂತೆಂದರೆ ಮುಂದಿನ ಪ್ರಯಾಣಕ್ಕೆ ಅವನು ಬೇಡವೇ ಬೇಡ ಅಂದ, ಅದೇ ಜಗಳಕ್ಕೆ ಜೊತೆಗಾರ ಬಾರ್ನಬನೂ ದೂರವಾದ. ಕೊನೆಗಾಲದಲ್ಲಿ ಅದೇ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಅಂತ ಬರೆದ. ಪೌಲನೇ ಮನಸ್ಸು ಬದಲಿಸಿದ ಮೇಲೆ ನಮ್ಮ ಹಿರಿಯರಿಗೆ ಏನು ಕಷ್ಟ?

ಬರುವ ತಿಂಗಳು ನಮ್ಮ ಸಭೆಯಿಂದ ಇನ್ನೊಬ್ಬಳು ಹುಡುಗಿ ಹೊರಡುತ್ತಿದ್ದಾಳೆ. 22 ವರ್ಷ. ಮೊನ್ನೆ ಅವಳ ಕಾಗದಗಳನ್ನು ನೋಡಿದೆ. ಅದೇ ಹಾಳೆ ಇದೆ, ಒಂದಕ್ಷರ ಬದಲಾಗಿಲ್ಲ. ನನ್ನ ಬೇಡಿಕೆ ದೊಡ್ಡದಲ್ಲ. ಮೊದಲ ವರ್ಷಕ್ಕಾದರೂ ಸಂಖ್ಯೆಯ ಅಂಕಣಗಳನ್ನು ತೆಗೆದುಹಾಕಿ. ಬದಲಿಗೆ ಕೇಳಿ: ನಿದ್ದೆ ಬರುತ್ತಿದೆಯಾ? ಬೀದಿಯಲ್ಲಿ ಎಷ್ಟು ಜನರ ಹೆಸರು ಗೊತ್ತು? ಹುಷಾರು ತಪ್ಪಿದರೆ ಯಾರ ಬಾಗಿಲು ತಟ್ಟುತ್ತೀಯ? ನಿನಗೆ ಯಾರ ಮೇಲಾದರೂ ಸಿಟ್ಟಿದೆಯಾ? ಕೆಳಗೆ ಅರ್ಧ ಪುಟ ಖಾಲಿ ಬಿಡಿ.

ಆ 40ರ ವಿಷಯವನ್ನು ನಾನು ಸಭೆಯಲ್ಲಿ ಇದುವರೆಗೂ ಹೇಳಿಲ್ಲ. ನೀವು ಇದನ್ನು ಹಾಕಿದರೆ ಹಿರಿಯರು ಓದುತ್ತಾರೆ, ಅವರ ಮನೆಗೂ ಇದೇ ಪತ್ರಿಕೆ ಬರುತ್ತದೆ.

ಇಂತಿ,
ನಿಮ್ಮ ಓದುಗ
(ದಯವಿಟ್ಟು ಹೆಸರು ಹಾಕಬೇಡಿ)