ಜೊತೆಗೆ ಹೋಗಲು ಒಬ್ಬರು ಬೇಕು: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಾನು ಹೊಸನಗರ ತಾಲ್ಲೂಕಿನ ಒಬ್ಬ ನಿವೃತ್ತ ಮೇಷ್ಟ್ರು. ಕಳೆದ ಜೂನ್‌ನಲ್ಲಿ ನಮ್ಮ ನೆರೆಮನೆಯ ತಾಯಿ ಏಳು ವರ್ಷದ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಕೊಡೆ ಹಿಡಿಯಲು ಕೈ ಬಿಡುವಿಲ್ಲದೆ, ಜಾರುವ ಕಾಲುಸಂಕ ದಾಟಿ ಶಾಲೆಗೆ ಹೋದರು. ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲುಗಳ ಮೇಲೆ ಹಿಡಿತ ತಪ್ಪುವ ಸ್ಥಿತಿ. ನಡೆಯಲಾರ, ಮಾತು ತೊದಲು. ಲೆಕ್ಕ ಮಾತ್ರ ಚುರುಕು; ಕೊಯ್ಲಿನಲ್ಲಿ ಅಡಿಕೆ ಗೊನೆ ಎಣಿಸುವವನು ಅವನೇ.

‘ಇಂಥವರಿಗೆ ಶಿವಮೊಗ್ಗದಲ್ಲಿ ಬೇರೆ ಶಾಲೆ ಇದೆಯಲ್ಲಮ್ಮಾ’ ಎಂದರಂತೆ ಶಾಲೆಯ ಮೇಷ್ಟ್ರು. ಆಕೆ ಸುಮ್ಮನೆ ಹಿಂದಿರುಗಿದರು. ಮೇಷ್ಟ್ರಿಗೆ ಎದುರಾಡುವ ರೂಢಿ ನಮ್ಮ ಕಡೆ ಇಲ್ಲ. ಅದರ ಲಾಭವನ್ನು ನಾನೂ ಮೂವತ್ತು ವರ್ಷ ಉಂಡವನೇ.

ಮರುವಾರ ಜೊತೆಗೆ ಹೋದೆ. ‘ಸೇರಿಸಿಕೊಳ್ಳುವುದಿಲ್ಲ ಎಂದು ಬರೆದು, ಮೊಹರು ಒತ್ತಿ ಕೊಡಿ’ ಎಂದು ಕೇಳಿದೆ, ಅಷ್ಟೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಕಲಂ ಪ್ರಕಾರ, ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಗು ನೆರೆಯ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದಬಹುದು. ಆಯ್ಕೆ ಮಗುವಿನದು. ಅರ್ಧ ಗಂಟೆಯಲ್ಲಿ ದಾಖಲಾತಿ ಮುಗಿಯಿತು.

ಅಮೆರಿಕದಲ್ಲಿ ಇಂಥ ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಸಭೆ ಸೇರಿ ಕಲಿಕಾ ಯೋಜನೆಯನ್ನು ಪರಿಶೀಲಿಸಬೇಕು. ಆ ಸಭೆಗೆ ತಂದೆತಾಯಿ ತಿಳಿದವರೊಬ್ಬರನ್ನು ಕರೆದೊಯ್ಯಬಹುದು; ಅವರು ವಕೀಲರೇ ಆಗಬೇಕಿಲ್ಲ. ಕಾಯ್ದೆ ಬಲ್ಲವರು, ಮಗುವನ್ನು ಬಲ್ಲವರು ಆದರೆ ಸಾಕು.

ನಮ್ಮಲ್ಲಿ ಅಂಥವರನ್ನು ಹೊಸದಾಗಿ ಹುಡುಕಬೇಕಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೂ ಅಂಗವಿಕಲರೇ, ಯಾವ ಮನೆಯಲ್ಲಿ ಯಾವ ಮಗು ಇದೆ ಎಂದು ಬಲ್ಲವರು. ಕಾಯ್ದೆಯ ಶಿಕ್ಷಣದ ಅಧ್ಯಾಯವನ್ನು ಅವರಿಗೆ ಸರಿಯಾಗಿ ಕಲಿಸಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯ ವಿನಾಯಿತಿ ಇವೆಲ್ಲ ಅದರಲ್ಲೇ ಇವೆ. ಎಷ್ಟೋ ಪೋಷಕರಿಗೆ ಇದು ತಿಳಿಯುವುದು ಎಸ್ಸೆಸ್ಸೆಲ್ಸಿಯ ಹೊಸ್ತಿಲಲ್ಲಿ. ಪೋಷಕರ ಜೊತೆ ಶಾಲೆಯಲ್ಲಿ ಕೂರಲು ಕಾರ್ಯಕರ್ತರಿಗೊಂದು ಅಧಿಕಾರಪತ್ರ ಕೊಡಿಸಿ. ಓಡಾಟದ ಖರ್ಚನ್ನೂ ಕೊಡಿಸಿ. ಮಲೆನಾಡಿನಲ್ಲಿ ಒಂದು ಬಸ್ಸು ತಪ್ಪಿದರೆ ಒಂದು ದಿನವೇ ಹೋಯಿತು. ಶಾಲೆ ಏನನ್ನು ನಿರಾಕರಿಸಿದರೂ ಲಿಖಿತವಾಗಿಯೇ ನಿರಾಕರಿಸಲಿ.

ಹುಡುಗ ಈಗ ಒಂದನೇ ತರಗತಿ. ತಾಯಿ ಈಗಲೂ ಹೊತ್ತೇ ತರುತ್ತಾರೆ. ವಾಹನ ಸೌಲಭ್ಯಕ್ಕೆ ಅರ್ಜಿ ಹಾಕಿದ್ದೇವೆ. ಕಾಲುಸಂಕದ ಬಗ್ಗೆ ಬೇರೆಯೇ ಪತ್ರ ಬರೆಯುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ