ಅಜ್ಜಿಗೆ ಗಿರಣಿಯಲ್ಲಿ ಮಾತ್ರ ಕಿವಿ ಕೇಳುತ್ತಿತ್ತು

ಮೆಂಫಿಸ್, ಟೆನೆಸ್ಸಿ

ಅಮ್ಮನಿಗೆ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಗಾಬರಿಯಾಗುತ್ತೀಯ ಎಂದು ಈ ಕಾಗದ. ಪುಟ್ಟಿ ಹುಟ್ಟಿದಾಗಿನಿಂದ ನನ್ನ ಎಡಗಿವಿ ಮಂದವಾಗುತ್ತಾ ಬಂದಿದೆ. ರಾತ್ರಿ ಬಲಮಗ್ಗುಲಿಗೆ ಮಲಗಿದರೆ ಮಗು ಅತ್ತದ್ದೇ ಗೊತ್ತಾಗುತ್ತಿರಲಿಲ್ಲ. ನಿದ್ದೆಗೆಟ್ಟ ಆಯಾಸ ಎಂದುಕೊಂಡಿದ್ದೆ.

ಮೊನ್ನೆ ಡಾಕ್ಟರು ಶ್ರುತಿಕವೆಯೊಂದನ್ನು (ಟ್ಯೂನಿಂಗ್ ಫೋರ್ಕ್) ತೆಗೆದರು. ನಮ್ಮ ಹೈಸ್ಕೂಲಿನ ಲ್ಯಾಬಿನಲ್ಲಿತ್ತಲ್ಲ, ಅದೇ. ಅದನ್ನು ಮೊಣಕೈಗೆ ಬಡಿದು, ಬುಡವನ್ನು ನನ್ನ ಎಡಗಿವಿಯ ಹಿಂದಿನ ಮೂಳೆಗೆ ಒತ್ತಿದರು. ತಂಬೂರಿ ಮೀಟಿದಂತೆ ತಲೆಯೊಳಗೆಲ್ಲ ನಾದ! ಅದು ಅಡಗಿದ ಮೇಲೆ ಕವೆಯನ್ನು ಕಿವಿಯ ಮುಂದೆ ಹಿಡಿದರು. ಏನೂ ಇಲ್ಲ. ಸರಿಯಾಗಿರುವ ಕಿವಿಗೆ ಆಗಲೂ ಕೇಳಿಸುತ್ತಿರಬೇಕಂತೆ. ಶಬ್ದ ಮೂಳೆಯ ಮೂಲಕ ಹೋದರೆ ಕೇಳುತ್ತದೆ, ಗಾಳಿಯ ಮೂಲಕ ಬಂದರೆ ಕೇಳುವುದಿಲ್ಲ. ಅಂದರೆ ನರ ಗಟ್ಟಿಯಾಗಿದೆ, ತೊಡಕಿರುವುದು ದಾರಿಯಲ್ಲಿ.

ಆ ದಾರಿಯಲ್ಲಿರುವುದು ಮೂರು ಮೂಳೆ. ಕಿವಿಯ ತಮಟೆಗೆ ಅಂಟಿಕೊಂಡದ್ದು ಸುತ್ತಿಗೆ, ನಡುವಿನದು ಅಡಿಗಲ್ಲು, ಕೊನೆಯದು ಕುದುರೆ ಸವಾರ ಕಾಲಿಡುವ ರಿಕಾಪಿನಂಥದು. ಈ ರಿಕಾಪು ಮೂರೇ ಮಿಲಿಮೀಟರ್, ಅಕ್ಕಿ ಕಾಳಿಗಿಂತ ಚಿಕ್ಕದು. ಇಡೀ ಮೈಯಲ್ಲಿ ಇದಕ್ಕಿಂತ ಸಣ್ಣ ಮೂಳೆಯಿಲ್ಲ. ಇಷ್ಟೊಂದು ಏರ್ಪಾಡು ಏಕೆಂದರೆ ಒಳಗಿವಿಯಲ್ಲಿರುವುದು ನೀರಿನಂಥ ದ್ರವ. ಕೆರೆಯಲ್ಲಿ ಮುಳುಗಿದಾಗ ದಡದಲ್ಲಿ ನೀನು ಕೂಗಿದ್ದು ನಮಗೆ ಕೇಳಿಸುತ್ತಿರಲಿಲ್ಲ, ನೆನಪಿದೆಯೇ? ಗಾಳಿಯ ಶಬ್ದ ನೀರಿನ ಮೇಲ್ಮೈಗೆ ತಾಗಿ ಬಹುಪಾಲು ಹಿಂದಕ್ಕೇ ಹೋಗುತ್ತದೆ. ಅದನ್ನು ಒಳಗೆ ನೂಕಲು ಒತ್ತಡ ಬೇಕು.

ಇದು ಅಪ್ಪನಿಗೆ ಚೆನ್ನಾಗಿ ಅರ್ಥವಾಗುತ್ತದೆ. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಚೀಲ ಹೊಲಿಯುವವರು ದಬ್ಬಣದ ಹಿಂದಕ್ಕೆ ಅಂಗೈ ಕೊಟ್ಟು ಒತ್ತುತ್ತಾರಲ್ಲ, ಅಂಗೈಯ ಬಲವೆಲ್ಲ ಮೊನೆಗೆ ಬಂದು ಗೋಣಿ ತೂತಾಗುತ್ತದೆ. ಇಲ್ಲಿ ತಮಟೆ ಅಂಗೈ, ರಿಕಾಪಿನ ತಳ ಮೊನೆ. ತಮಟೆಯ ಹರವು ಆ ತಳದ ಸುಮಾರು 17 ಪಟ್ಟು. ಜೊತೆಗೆ ಮೂಳೆಗಳು ಸನ್ನೆಗೋಲಿನಂತೆ ಇನ್ನೂ ಸ್ವಲ್ಪ ಬಲ ಕೂಡಿಸುತ್ತವೆ. ಒಟ್ಟಿನಲ್ಲಿ ಒತ್ತಡ 20 ಪಟ್ಟಿಗೂ ಹೆಚ್ಚುತ್ತದೆ. ನನ್ನ ರಿಕಾಪಿನ ತಳದ ಸುತ್ತ ಹೊಸ ಮೂಳೆ ಬೆಳೆದು ಅದನ್ನು ಕಚ್ಚಿ ಹಿಡಿದಿದೆ, ತುಕ್ಕು ಹಿಡಿದ ಚಿಲಕದಂತೆ. ಆಟೋಸ್ಕ್ಲೆರೋಸಿಸ್ ಎನ್ನುತ್ತಾರೆ.

ಇದಕ್ಕೆ ಶಸ್ತ್ರಚಿಕಿತ್ಸೆ ಇದೆ. ರಿಕಾಪನ್ನು ತೆಗೆದು ಅದರ ಜಾಗದಲ್ಲಿ ಟೆಫ್ಲಾನ್ ತುಂಡನ್ನು ಮೊದಲು ಕೂರಿಸಿದವರು ಡಾ. ಜಾನ್ ಶೇ, 1956ರಲ್ಲಿ, ಇದೇ ಮೆಂಫಿಸಿನಲ್ಲಿ! ನಾನು ಸದ್ಯಕ್ಕೆ ಶ್ರವಣ ಸಾಧನ ಸಾಕೆಂದಿದ್ದೇನೆ. ಪುಟ್ಟಿ ಸ್ವಲ್ಪ ದೊಡ್ಡವಳಾಗಲಿ.

ನನಗೆ ನಿದ್ದೆ ಕೆಡಿಸಿದ್ದು ಬೇರೆ. "ಮನೆಯಲ್ಲಿ ಯಾರಿಗಾದರೂ ಹೀಗಿತ್ತೇ? ಇದು ವಂಶದಲ್ಲಿ ಬರುವುದುಂಟು" ಎಂದು ಡಾಕ್ಟರು ಕೇಳಿದರು. ಅಜ್ಜಿಗೆ ಕಿವಿ ಮಂದವಾಗಿತ್ತು, ಆದರೆ ಹಿಟ್ಟಿನ ಗಿರಣಿಯ ಆ ಗದ್ದಲದಲ್ಲಿ ಮಾತ್ರ ಎಲ್ಲ ಕೇಳುತ್ತಿತ್ತು ಎಂದು ನಗುತ್ತಲೇ ಹೇಳಿದೆ. ಅವರು ನಗಲಿಲ್ಲ. ಮೆಲ್ಲಗೆ ಮಾತಾಡುತ್ತಿದ್ದರೇ ಎಂದರು. ಹೌದು, ಬಾಯಿಗೆ ಕಿವಿಯಿಟ್ಟು ಕೇಳಬೇಕಾಗಿತ್ತು! ಈ ತೊಂದರೆಯವರಿಗೆ ಮೂಳೆಯ ಮೂಲಕ ತಮ್ಮ ದನಿ ತಮಗೇ ಜೋರಾಗಿ ಕೇಳುತ್ತದೆ, ಅದಕ್ಕೇ ದನಿ ತಗ್ಗಿಸುತ್ತಾರಂತೆ. ಗದ್ದಲದಲ್ಲಾದರೆ ಎದುರಿಗಿದ್ದವರು ಕೂಗಿ ಮಾತಾಡುತ್ತಾರೆ, ಇವರಿಗೆ ಗದ್ದಲ ಅಷ್ಟಾಗಿ ಮುಟ್ಟುವುದಿಲ್ಲ, ಮಾತು ಮುಟ್ಟುತ್ತದೆ.

"ಮುದುಕಿಗೆ ಬೇಕಾದದ್ದು ಮಾತ್ರ ಕೇಳುತ್ತದೆ" ಎಂದು ನಾವೆಲ್ಲ ಎಷ್ಟು ಆಡಿಕೊಂಡೆವು, ಅಮ್ಮಾ. ಸೊಸೆಯಂದಿರ ಚಾಡಿ ಕೇಳಲೆಂದೇ ಗಿರಣಿಗೆ ಹೋಗುತ್ತಾಳೆ ಎಂದು ನಾನೂ ಹೇಳಿದ್ದೇನೆ. ಪರೀಕ್ಷೆ ಮಾಡಿಸಿದವರು ಯಾರೂ ಇಲ್ಲ. ಈಗ ಅಜ್ಜಿಗಿದ್ದದ್ದೂ ಇದೇ ತೊಂದರೆ ಇರಬೇಕು ಎನಿಸುತ್ತಿದೆ.

ಕಳೆದ ಭಾನುವಾರ ನೀನು ಚಟ್ನಿ ರುಬ್ಬುತ್ತಿದ್ದೆ. ಮಿಕ್ಸಿ ಸದ್ದಿಗೆ ನಾನು ಕಿರುಚಿ ಮಾತಾಡಿದ್ದೆಲ್ಲ ನಿನಗೆ ಕೇಳಿತು. ಮಿಕ್ಸಿ ನಿಂತ ಮೇಲೆ ನೀನು ಮೂರು ಸಲ "ಏನಂದೆ?" ಎಂದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು, ಬೆಳಿಗ್ಗೆ ಬೇಗ ಹೋಗಿ ತೋರಿಸಿಕೊಂಡು ಬಾ. ಅಜ್ಜಿಯ ವಿಷಯವನ್ನೂ ಮರೆಯದೆ ಹೇಳು.

ನಿನ್ನ ಮಗಳು