ಗೆಳೆಯನಿಗೊಂದು ಪತ್ರ: ಸದ್ಯಕ್ಕೆ ಹೀಗಿದ್ದೇವೆ

ಲೋ ಮಾರಾಯ,

"ಹೇಗಿದ್ದಾಳೆ?" ಅಂತ ನನ್ನ ಹೆಂಡತಿಯ ಬಗ್ಗೆ ನೀನು ಕೇಳಿದ್ದಕ್ಕೆ ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾದೆ. ನಿನಗೆ ಸಿಟ್ಟು ಬಂದಿದೆ, ಗೊತ್ತು. ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ನೀನು ಓದಿದ ಕೂಡಲೇ ಫೋನ್ ಮಾಡುತ್ತೀಯ, ಆಮೇಲೆ ಇಬ್ಬರೂ ಮಾತಿಲ್ಲದೆ ಮೂಗು ಒರೆಸುತ್ತ ಕೂರಬೇಕು. ನಾಲ್ಕು ಜನ ನೋಡುತ್ತಿದ್ದರೆ ನಾವು ಸ್ವಲ್ಪ ಮರ್ಯಾದೆಯಿಂದ ಇರುತ್ತೇವೆ. ಉಳಿದ ಓದುಗರೇ, ಕುದುರೆ ಮೇಷ್ಟ್ರ ಪ್ರಸ್ತಾಪ ಬಂದಲ್ಲಿ ದಾಟಿಕೊಂಡು ಹೋಗಿ.

ಕ್ಯಾನ್ಸರ್, ನಾಲ್ಕನೇ ಹಂತ. ಲಿವರಿಗೂ ಮೂಳೆಗೂ ಹಬ್ಬಿದೆ. ಈಗಿನ ಕೀಮೋ ಗುಣಪಡಿಸಲಿಕ್ಕಲ್ಲ, ಆದಷ್ಟು ದಿನ ತಡೆದಿಡಲಿಕ್ಕೆ ಅಂತ ಡಾಕ್ಟರು ನೇರವಾಗಿಯೇ ಹೇಳಿದರು. ಇವಳು ಕೇಳಿಸಿಕೊಂಡು, "ಈ ಸಲವೂ ಕೂದಲು ಹೋಗುತ್ತಾ?" ಅಂದಳು. ನಾನು ಮನೆಗೆ ಬಂದು ಅಂಕಿಗಳ ಹಿಂದೆ ಬಿದ್ದೆ. ನನ್ನ ಗಣಿತ ನಿನಗೆ ಗೊತ್ತಲ್ಲ, ಕುದುರೆ ಮೇಷ್ಟ್ರೇ ಕೈಮುಗಿದಿದ್ದರು.

ಹುಡುಕಿ ಹುಡುಕಿ ಒಬ್ಬರನ್ನು ಹಿಡಿದೆ: ಸ್ಟೀಫನ್ ಜೇ ಗೂಲ್ಡ್, ಅಮೆರಿಕದ ಜೀವವಿಜ್ಞಾನಿ. 1982ರಲ್ಲಿ ಹೊಟ್ಟೆಯ ಒಳಪದರಕ್ಕೆ ಅಪರೂಪದ ಕ್ಯಾನ್ಸರ್. ಆ ರೋಗದವರು ಬದುಕುವ ಅವಧಿಯ ಮಧ್ಯಾಂಕ 8 ತಿಂಗಳು ಅಂತ ಪುಸ್ತಕಗಳು ಹೇಳುತ್ತಿದ್ದವು. ಅಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕುತ್ತಾರೆ, ಅವರಲ್ಲಿ ಕೆಲವರು ತೀರಾ ಹೆಚ್ಚು. ನಕ್ಷೆಯಲ್ಲಿ ಅಂಥವರ ಕಡೆಯ ಬಾಲ ಉದ್ದಕ್ಕೆ ಚಾಚಿಕೊಂಡಿರುತ್ತದೆ ಅಂತ ಗೂಲ್ಡ್ ಲೆಕ್ಕ ಹಾಕಿದರು. 20 ವರ್ಷ ಬದುಕಿದರು. 2002ರಲ್ಲಿ ತೀರಿಕೊಂಡಿದ್ದು ಬೇರೆಯದೇ ಕ್ಯಾನ್ಸರಿನಿಂದ. ರಾತ್ರಿ ಹನ್ನೊಂದಕ್ಕೆ ಇದನ್ನೆಲ್ಲ ಇವಳಿಗೆ ವಿವರಿಸಿದೆ. "ರೀ, ಆ ಬಾಲ ಹಿಡಿದುಕೊಂಡು ನೀವು ತೂಗಾಡಿ, ನನಗೆ ನಿದ್ದೆ ಬರ್ತಿದೆ" ಅಂದಳು.

ನಿದ್ದೆ ಬಂದರೆ ಪುಣ್ಯ. ಕೀಮೋ ಜೊತೆ ಕೊಡುವ ಸ್ಟೀರಾಯ್ಡಿನ ದೆಸೆಯಿಂದ ನಡುರಾತ್ರಿ ಎದ್ದು ಬೀರು ಜೋಡಿಸುತ್ತಾಳೆ. ನೋವಿಗೆ ಪ್ಯಾಲಿಯೇಟಿವ್ ವಿಭಾಗದವರನ್ನು, ಅಂದರೆ ನೋವು-ಸಂಕಟ ತಗ್ಗಿಸಲೆಂದೇ ಇರುವವರನ್ನು, ನೋಡಿ ಅಂದಾಗ ನಾನು ಮುಖ ಗಂಟು ಹಾಕಿಕೊಂಡಿದ್ದೆ. ಅಲ್ಲಿಗೆ ಕಳಿಸಿದರೆ ಕಥೆ ಮುಗಿಯಿತು ಅಂತಲೇ ನಾನು ತಿಳಿದಿದ್ದು. ಆದರೆ ಹಾಗಲ್ಲವಂತೆ: ಶ್ವಾಸಕೋಶದ ಕ್ಯಾನ್ಸರ್ ಬಲಿತಿದ್ದ 151 ಜನರ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಗಿತ್ತು. ಮೊದಲಿನಿಂದಲೇ ಆ ಆರೈಕೆಯೂ ಸಿಕ್ಕವರು ಹೆಚ್ಚು ನೆಮ್ಮದಿಯಿಂದಿದ್ದರು, ಮಧ್ಯಾಂಕದ ಲೆಕ್ಕದಲ್ಲಿ ಸುಮಾರು ಎರಡೂವರೆ ತಿಂಗಳು ಹೆಚ್ಚೂ ಬದುಕಿದರು. ಇವಳಿಗೆ ಅಧ್ಯಯನ ಬೇಕಾಗಲಿಲ್ಲ. ಮಾರ್ಫಿನ್ ಶುರುವಾದ ಮೇಲೆ ಮಗ್ಗುಲು ಬದಲಿಸುವಾಗ ಹಲ್ಲು ಕಚ್ಚುವುದು ನಿಂತಿತು. ಮಾರ್ಫಿನ್ ಮಲಬದ್ಧತೆಯನ್ನೂ ತರುತ್ತದೆ. ನಮ್ಮ ಮನೆಯ ಬೆಳಗಿನ ಮುಖ್ಯವಾರ್ತೆ ಈಗ ಅದೇ.

ನಾನು ಹೇಳಬೇಕೆಂದಿದ್ದು ಇಷ್ಟೇ. ಆದರೆ ಕೈ ನಿಲ್ಲುತ್ತಿಲ್ಲ.

ಮೊನ್ನೆ ಪೆಟ್ ಸ್ಕ್ಯಾನ್ ಆಯಿತು. ವಿಕಿರಣ ಬೆರೆತ ಸಕ್ಕರೆಯಂಥದ್ದನ್ನು ನರಕ್ಕೆ ಚುಚ್ಚಿ, ಸುಮಾರು ಒಂದು ಗಂಟೆ ಅಲುಗಾಡದೆ, ಮಾತಾಡದೆ ಮಲಗಿಸುತ್ತಾರೆ. ದುಡಿಯುವ ಸ್ನಾಯುಗಳು ಆ ಸಕ್ಕರೆಯನ್ನು ಎಳೆದುಕೊಂಡರೆ ಚಿತ್ರ ಕೆಡುತ್ತದಂತೆ. ಇವಳು ಒಂದು ಗಂಟೆ ಮಾತಾಡದೆ ಇದ್ದದ್ದನ್ನು ನೀನು ನೋಡಬೇಕಿತ್ತು. ವರದಿ ಬಂತು: ಗಡ್ಡೆಗಳು ಬೆಳೆದಿಲ್ಲ, ಕುಗ್ಗಿಯೂ ಇಲ್ಲ. ಇದೇ ಔಷಧಿ ಮುಂದುವರಿಸೋಣ, ಮೂರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಅಂದರು. ಇವಳು ನನ್ನ ಕೈ ಒತ್ತಿದಳು. ನಾನು ನಕ್ಕೆ. ಒಳಗೆ ಮೊದಲು 'ಅಬ್ಬಾ' ಅನ್ನಿಸಿತು. ಅದರ ಬೆನ್ನಿಗೇ ಇನ್ನೊಂದು ಬಂತು: ಇನ್ನೂ ಮೂರು ತಿಂಗಳು ಹೀಗೇನಾ? ಜ್ವರ 100.4 ಮುಟ್ಟಿದರೆ ಎಷ್ಟು ಹೊತ್ತಾದರೂ ಆಸ್ಪತ್ರೆಗೆ ಓಡಬೇಕು ಅಂತ ಬಾಗಿಲ ಪಕ್ಕ ಚೀಲ ಕಟ್ಟಿಟ್ಟುಕೊಂಡು, ಅವಳು ಕೆಮ್ಮಿದರೆ ಸಾಕು ಎದ್ದು ಕೂತುಕೊಂಡು, ಇನ್ನೂ? ಒಂದು ಸಲ ಮುಗಿದರೆ ಸಾಕು ಅಂತ ಮನಸ್ಸು ಅಂದೇಬಿಟ್ಟಿತು. ಏನು ಮುಗಿದರೆ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಹಾಗಂತ ಆಸೆ ಬತ್ತಿದೆಯಾ ಅಂದರೆ, ಅದೂ ಇಲ್ಲ ಕಣೋ. ಅದೇ ಸಂಜೆ ಅವಳ ಕನ್ನಡಕಕ್ಕೆ ಹೊಸ ಗಾಜು ಹಾಕಿಸಲು ಹೋದವನು ಎರಡು ವರ್ಷ ಗ್ಯಾರಂಟಿ ಇರುವುದನ್ನೇ ಆರಿಸಿದೆ. "ಗ್ಯಾರಂಟಿ ಗಾಜಿಗಾ, ನನಗಾ?" ಅಂತ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಂದೇ ದಿನ, ಒಂದೇ ತಲೆಯಲ್ಲಿ ಇವೆರಡೂ ಹೇಗೆ ಇದ್ದವು ಅಂತ ನನಗಿನ್ನೂ ಬಗೆಹರಿದಿಲ್ಲ.

ಸರಿ, ಬಹಳ ಆಯಿತು. ನಾನು ಬರೆದದ್ದನ್ನು ಇವಳು ಮೂರನೇ ಪ್ಯಾರಾ ದಾಟಿ ಓದಿದ ಇತಿಹಾಸವಿಲ್ಲ. ಅದೇ ಧೈರ್ಯದಿಂದ ಇಷ್ಟು ಕೆಳಗೆ ಬರೆದಿದ್ದೇನೆ. ನೀನು ಚಾಡಿ ಹೇಳಿದರೆ ಪ್ರವಾಸದ ಆ ಟೋಪಿ ಫೋಟೋ ಇಲ್ಲೇ ಹಾಕುತ್ತೇನೆ, ನೆನಪಿರಲಿ.

ಬರುವುದಾದರೆ ಬಾ. ಕೀಮೋ ಆದ ಎರಡನೇ ವಾರ ಬಿಟ್ಟು ಬಾ, ಆಗ ಬಿಳಿ ರಕ್ತಕಣ ತಳ ಕಂಡಿರುತ್ತದೆ. ನೆಗಡಿ ಇದ್ದರೆ ಬರಲೇಬೇಡ. ಅವಳನ್ನು ಹೋರಾಟಗಾರ್ತಿ ಅಂತ ಕರೆಯಬೇಡ, ಉರಿದುಬೀಳುತ್ತಾಳೆ. ಗಾಳಿಸುದ್ದಿ ಇದ್ದರೆ ತಾ, ಆದಷ್ಟು ಹೊಸದು. ನನ್ನ ಹತ್ತಿರ ಇದ್ದದ್ದೆಲ್ಲ ಖಾಲಿಯಾಗಿದೆ.

ನಿನ್ನ,
ಲೆಕ್ಕದಲ್ಲಿ ಫೇಲಾದವ